ನಾನು ತಿದ್ದಿ ಓದಿದ ತಲೆಬರಹ

ಅರಬ್ ನಾಡಿನ ಬತ್ಹಾ ಪೇಟೆಯಲ್ಲಿದ್ದ ನಮ್ಮ ಕೋಣೆಗೆ ಊರಿನ ಪೇಪರು ತಲುಪುವಷ್ಟರಲ್ಲಿ ಸುದ್ದಿಗೆ ಹದಿನೈದು ದಿನ ವಯಸ್ಸಾಗಿರುತ್ತಿತ್ತು. ರಜೆ ಮುಗಿಸಿ ಬರುವವರು ಒಣಮೀನಿನ ಕಟ್ಟಿನ ಜೊತೆ ಎರಡು ಪೇಪರು ತರಲೇಬೇಕು: ಒಂದು ಸರ್ಕಾರದ ಪರ, ಇನ್ನೊಂದು ವಿರುದ್ಧ. ಶುಕ್ರವಾರ ಜುಮಾ ಮುಗಿಸಿ ಉಂಡ ಮೇಲೆ ಒಂದೇ ಸುದ್ದಿಯನ್ನು ಎರಡರಿಂದಲೂ ಓದಿಸಿ ಕೇಳುವುದು ಕೋಣೆಯ ಪದ್ಧತಿ. ಓದುವವನು ನಾನು. ಉಳಿದವರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಗೊತ್ತಿದ್ದ ಅಕ್ಷರ ಮಾತ್ರ ಮದರಸದ ಅರಬಿ.

ತೀರ್ಪು ಹೇಳುವವರು ಕಾಕ, ನಮ್ಮೆಲ್ಲರಿಗಿಂತ ಹಿರಿಯರು. "ಎರಡೂ ಒಪ್ಪಿದರೆ ಸತ್ಯ. ಜಗಳ ಆಡಿದರೆ ಅರ್ಧ ಕಳೀರಿ" ಎನ್ನುತ್ತಿದ್ದರು. ನನಗೆ ಅಷ್ಟೂ ಬೇಕಿರಲಿಲ್ಲ. ಸಾರು ಮೂಸಿಯೇ ಉಪ್ಪು ಹೇಳುವವರ ಹಾಗೆ, ತಲೆಬರಹ ನೋಡಿದರೆ ಸಾಕು, ಯಾರ ಕಡೆಗೆ ಎಷ್ಟು ವಾಲಿದೆ ಎಂದು ಹೇಳಬಲ್ಲೆ ಎಂಬ ಜಂಬವಿತ್ತು.

ಆ ವರ್ಷ ಊರಿನಲ್ಲಿ ಚುನಾವಣೆ. ನನ್ನ ಪಕ್ಕದ ಮಂಚದ ಗೆಳೆಯನ ಅಣ್ಣ ವಿರೋಧ ಪಕ್ಷದ ಅಭ್ಯರ್ಥಿಯ ಪ್ರಚಾರದ ಜೀಪು ಓಡಿಸುತ್ತಿದ್ದ. ಮತದಾರರಿಗೆ ಹಂಚಲು ಇಟ್ಟ ಸೀರೆಗಳು ಜೀಪಿನಲ್ಲಿ ಸಿಕ್ಕಿ ತನಿಖೆ ನಡೆಯುತ್ತಿದೆ ಎಂದು ಪೇಪರು ತಂದವನು ಹೇಳಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

"ಅಣ್ಣನನ್ನು ಹಿಡಿದಿದ್ದರೆ ನಾಳೆಯೇ ಕಫೀಲನ ಕಾಲಿಗೆ ಬಿದ್ದು ಊರಿಗೆ ಹೋಗ್ತೇನೆ. ಮನೆಯಲ್ಲಿ ಉಮ್ಮ ಒಬ್ಬರೇ ಅಲ್ವಾ. ಓದು ಮಾರಾಯ," ಎಂದ ಗೆಳೆಯ. ಅವನಿಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕಫೀಲ್ ಮುಂಗೋಪಿ. ನಡುವೆ ರಜೆ ಕೇಳಿದವನು ಹೋದರೆ ಹೋದ, ಮತ್ತೆ ಬರುವ ಹಾಗಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದ.

ಸರ್ಕಾರದ ಪರ ಪೇಪರಿನ ಮುಖಪುಟದಲ್ಲೇ ಇತ್ತು: ಸೀರೆ ಹಗರಣ, ಜೀಪು ಚಾಲಕನ ಬಂಧನ. ಇನ್ನೊಂದರ ಒಳಪುಟದಲ್ಲಿ ಚಾಲಕನನ್ನು ವಿಚಾರಣೆಗೆ ಕರೆದೊಯ್ದರು ಎಂಬ ನಾಲ್ಕು ಸಾಲು. ಗೆಳೆಯ ನನ್ನ ಬಾಯಿಯನ್ನೇ ನೋಡುತ್ತಿದ್ದ. ಸರ್ಕಾರದ ಪೇಪರಿಗೆ ಕಡ್ಡಿಯನ್ನು ಗುಡ್ಡ ಮಾಡುವ ಚಾಳಿ, ಇದೂ ಹಾಗೆಯೇ ಇರಬೇಕು, ಇಷ್ಟಕ್ಕೆ ಇವನು ಕೆಲಸ ಕಳೆದುಕೊಳ್ಳಬೇಕೇ ಎಂದುಕೊಂಡೆ. ವಾಲಿದ್ದನ್ನು ನೆಟ್ಟಗೆ ಮಾಡುತ್ತಿದ್ದೇನೆ ಎಂದೇ ನಂಬಿ, "ಜೀಪು ಚಾಲಕನ ವಿಚಾರಣೆ" ಎಂದು ಓದಿದೆ. ಆಮೇಲೆ ಇನ್ನೊಂದನ್ನು ಇದ್ದ ಹಾಗೆ ಓದಿದೆ.

"ಎರಡೂ ಒಂದೇ ಹೇಳ್ತವೆ ಅಂದ್ರೆ ಅದೇ ಸತ್ಯ," ಎಂದರು ಕಾಕ. "ಎಂತ ಹೆದರ್ತೀ? ಕೇಳಿ ಬಿಟ್ಟಿರ್ತಾರೆ."

ಗೆಳೆಯ ಉಸಿರು ಬಿಟ್ಟ. ಅಣ್ಣನ ಸುದ್ದಿ ಇರುವ ಹಾಳೆ ಎಂದು ಆ ಮುಖಪುಟವನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡ.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಹೊಸ ಪೇಪರು ಬಂದಾಗ ಬೇರೆಯವರು ಮುಟ್ಟುವ ಮೊದಲೇ ಕಸಿದುಕೊಂಡು ಮೂಲೆಮೂಲೆ ಹುಡುಕುತ್ತಿದ್ದೆ. ಚಾಲಕನ ಮಾತೇ ಇಲ್ಲ. ಅಭ್ಯರ್ಥಿ ಗೆದ್ದಿದ್ದ, ಹಾರ ಹಾಕಿಸಿಕೊಂಡ ಫೋಟೋ ಇತ್ತು. ಹಿಡಿದದ್ದನ್ನು ಹೇಳಿದವರಿಗೆ ಬಿಟ್ಟರೋ ಇಲ್ಲವೋ ಹೇಳುವ ಪುರುಸೊತ್ತಿರಲಿಲ್ಲ. ಪೇಪರಿನವರನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಅವನ ಮಂಚದವರೆಗೆ ಹೋಗಿ, ಬೆಂಕಿಪೊಟ್ಟಣ ಕೇಳಿ ವಾಪಸಾದೆ.

ಎರಡು ತಿಂಗಳ ಮೇಲೆ ಅವನ ಉಮ್ಮ ಮಾತಾಡಿ ಕಳಿಸಿದ ಕ್ಯಾಸೆಟ್ ಬಂತು. ಪತ್ರ ಬರೆಯಲು ಬಾರದ ಮನೆಗಳ ಪತ್ರ ಅದು. ಟೇಪ್ ರೆಕಾರ್ಡರಿನ ಸುತ್ತ ಎಲ್ಲರೂ ಕುಳಿತೆವು.

"ಅಣ್ಣ ಇಪ್ಪತ್ತು ದಿನ ಜೈಲಲ್ಲಿದ್ದ ಮಗಾ. ಗೆದ್ದವರು ಯಾರೂ ತಿರುಗಿ ನೋಡಲಿಲ್ಲ. ನಾನೊಬ್ಬಳೇ ಬುತ್ತಿ ಹಿಡ್ಕೊಂಡು ಹೋಗ್ತಿದ್ದೆ. ಪೇಪರಿನಲ್ಲಿ ಬಂದಿತ್ತಲ್ಲ, ನಿನಗೆ ಗೊತ್ತಾಗಿರ್ತದೆ, ಇವತ್ತು ಬರ್ತೀ, ನಾಳೆ ಬರ್ತೀ ಅಂತ ದಾರಿ ನೋಡಿದೆ. ನಿನಗೂ ಏನೋ ಕಷ್ಟ ಇರಬೇಕು, ಇರಲಿ."

ಟೇಪು ಮುಗಿಯಿತು. ಕಾಕ ನನ್ನ ಕಡೆ ನೋಡಲಿಲ್ಲ. ಗೆಳೆಯ ದಿಂಬಿನ ಕೆಳಗಿನ ಹಾಳೆ ತೆಗೆದು ನನ್ನ ಮುಂದೆ ಹಾಸಿದ.

"ಬಂಧನ ಅಂತ ಎಲ್ಲಿ ಉಂಟು, ತೋರಿಸು."

ಅವನ ಬೆರಳು ಹಿಡಿದು ತಲೆಬರಹದ ಕೊನೆಯ ಪದದ ಮೇಲೆ ಇಟ್ಟೆ. ಅವನು ತುಂಬಾ ಹೊತ್ತು ಬೆರಳು ತೆಗೆಯಲಿಲ್ಲ.

"ಇಷ್ಟು ದೊಡ್ಡ ಅಕ್ಷರದಲ್ಲಿ ಉಂಟಾ?" ಎಂದ.