ಹಿಂದಕ್ಕೆ ನಡೆಯುವವಳು

ದ್ವೀಪದಲ್ಲಿ ಕೆಲಸ ಮಾಡುವವರೆಲ್ಲ ಆಕೆಯನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಕೆಲಸದವರ ದೋಣಿಯಲ್ಲಿ ಅಲ್ಲಿಗೆ ಹೋಗಿ, ಉದ್ದ ಹಿಡಿಯ ಹಲ್ಲುಕುಂಟೆಯಿಂದ ಕಡಲತೀರದ ಮರಳನ್ನು ಬಾಚಿ, ಈ ತುದಿಯಿಂದ ಆ ತುದಿಯವರೆಗೆ ನೇರ ಗೆರೆ ಎಳೆಯುವುದು ಆಕೆಯ ಕೆಲಸ. ತಾನೆಳೆದ ಗೆರೆಯ ಮೇಲೆ ತನ್ನದೇ ಹೆಜ್ಜೆ ಬೀಳಬಾರದಲ್ಲ, ಅದಕ್ಕೆ ಹಿಂದಕ್ಕೆ ನಡೆಯುತ್ತಲೇ ಬಾಚಬೇಕು. ಎಂಟು ಗಂಟೆಗೆ ಪ್ರವಾಸಿಗರ ದೋಣಿ ಬರುವಷ್ಟರಲ್ಲಿ ಕೆಲಸದವರ ನೆರಳೂ ಮರಳಿನ ಮೇಲಿರಕೂಡದು. ಇಷ್ಟು ಚಂದದ ತೀರ ತಾನಾಗಿಯೇ ಹೀಗಿದೆ ಎಂದು ಬಂದವರು ನಂಬಬೇಕು. ಆಮೇಲೆ ಸಂಜೆಯವರೆಗೆ ಆಕೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಟವೆಲ್ ಒಗೆದು ಮಡಿಸುತ್ತಿದ್ದಳು. ಆ ಕೋಣೆಯ ಒಂದೇ ಒಂದು ಕಿಟಕಿ ಕಸದ ಡ್ರಮ್ಮುಗಳ ಕಡೆಗಿತ್ತು. ಹೀಗೆ ಹನ್ನೊಂದು ವರ್ಷ.

ಇಷ್ಟು ವರ್ಷವಾದರೂ ಅಮ್ಮನಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ.

"ಮರಳು ಬಾಚೋಕೆ ಯಾರಾದ್ರೂ ಸಂಬಳ ಕೊಡ್ತಾರೇನೆ? ಕಕ್ಕಸು ತೊಳೀತೀನಿ ಅಂತ ಹೇಳೋಕೆ ನಾಚಿಕೆ ಆದ್ರೆ ಸುಮ್ನಿರು. ಕಥೆ ಕಟ್ಟಬೇಡ."

ಮನೆಯೊಳಗೆ ಅಂದಿದ್ದರೆ ಗೆರೆಯಕ್ಕ ನುಂಗಿಕೊಳ್ಳುತ್ತಿದ್ದಳು. ಒಂದು ದಿನ ಅಮ್ಮ ಪಕ್ಕದ ಮನೆಯವಳ ಮುಂದೆಯೂ ಶುರುಮಾಡಿದಳು: "ನನ್ನ ಮಗಳು ಸಮುದ್ರಕ್ಕೆ ತಲೆ ಬಾಚಿ ಬೈತಲೆ ತೆಗೀತಾಳಂತೆ ಕಣಮ್ಮಾ!" ಪಕ್ಕದ ಮನೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೆರೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಆಯ್ತು. ರಜೆ ದಿನ ನಡಿ. ಕಣ್ಣಾರೆ ನೋಡುವಿಯಂತೆ," ಎಂದಳು.

ಪ್ರವಾಸಿಗರ ಟಿಕೆಟ್ಟನ್ನೇ ಎರಡು ಕೊಂಡಳು. ಹೊಸ ಬಟ್ಟೆ ಉಟ್ಟು, ಅಕ್ಕನ ಮಗಳ ಕಪ್ಪು ಕನ್ನಡಕ ಹಾಕಿಕೊಂಡಳು. ಗೇಟಿನ ಕಾವಲುಗಾರ ಟಿಕೆಟ್ ನೋಡಿದ, ಮುಖ ನೋಡಲಿಲ್ಲ.

ದ್ವೀಪಕ್ಕೆ ಬಂದಿಳಿದ ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಮರಳನ್ನು ದಿಟ್ಟಿಸಿದಳು. "ಹೂಂ, ಗೆರೆ ಇದೆ. ನೀನೇ ಎಳೆದಿದ್ದು ಅಂತ ಏನು ಗ್ಯಾರಂಟಿ?"

"ಇವತ್ತು ನಾನೆಳೆದಿಲ್ಲಮ್ಮ. ನಂಗೆ ರಜೆ ಅಲ್ವಾ? ಬದಲಿಯವನು ಎಳೆದಿದ್ದು."

"ನಾನೂ ಅದನ್ನೇ ಹೇಳಿದ್ದು."

ಗೆರೆಯಕ್ಕ ಹಲ್ಲು ಕಚ್ಚಿದಳು. ಬದಲಿಯವನ ಗೆರೆಗಳು ಕುಡುಕ ನಡೆದ ದಾರಿಯ ಹಾಗೆ ಸೊಟ್ಟಪಟ್ಟ ಇದ್ದವು. ಆ ಸಿಟ್ಟಿನಲ್ಲೇ ಅಮ್ಮನ ಜೊತೆ ನೀರಿನ ಕಡೆಗೆ ಹೊರಟವಳು, ತನಗೇ ಅರಿವಿಲ್ಲದೆ ಹಿಂದೆ ತಿರುಗಿ, ಹಿಂದಕ್ಕೆ ಹೆಜ್ಜೆಯಿಡುತ್ತ, ತಮ್ಮಿಬ್ಬರ ಹೆಜ್ಜೆಗುರುತುಗಳನ್ನು ಕಾಲಿನಿಂದ ಒಂದೊಂದಾಗಿ ಅಳಿಸತೊಡಗಿದಳು. ಹಾಗೆ ನಡೆಯುವವರು ಇಡೀ ದ್ವೀಪದಲ್ಲಿ ಇನ್ನೊಬ್ಬರಿರಲಿಲ್ಲ. ಅಡುಗೆಮನೆಯ ಜಗಲಿಯ ಮೇಲಿದ್ದ ಸೂಪರ್‌ವೈಸರ್ ಇಪ್ಪತ್ತು ಹೆಜ್ಜೆಯೊಳಗೆ ಗುರುತು ಹಿಡಿದು ಓಡಿಬಂದ.

"ಗೆರೆಯಕ್ಕ! ಇಲ್ಲೇನು ಮಾಡ್ತಿದೀಯ?"

"ಟಿಕೆಟ್ ತಗೊಂಡು ಬಂದಿದೀನಿ ಸಾರ್."

"ಟಿಕೆಟ್ ಯಾರು ಕೇಳಿದ್ರು? ಎಂಟು ಗಂಟೆ ಮೇಲೆ ಕೆಲಸದವರು ಮರಳಲ್ಲಿ ಕಾಣಬಾರದು ಅಂತ ಗೊತ್ತಿಲ್ವಾ?"

"ಇವತ್ತು ನಾನು ಕೆಲಸದವಳಲ್ಲ ಸಾರ್. ರಜೆ."

"ಟವೆಲ್ ಒಗೆಯೋಳು ಪಕ್ಕದಲ್ಲಿ ಕೂತಿದಾಳೆ ಅಂತ ಬಂದವರಿಗೆ ಗೊತ್ತಾದ್ರೆ ಏನಂತಾರೆ? ಅಮ್ಮನ್ನ ಹಿಂದಿನ ಕೋಣೆಗೆ ಕರ್ಕೊಂಡು ಹೋಗು, ಟೀ ಕಳಿಸ್ತೀನಿ. ಇಲ್ಲಾಂದ್ರೆ ನಾಳೆಯಿಂದ ಬರಲೇಬೇಡ."

ಅಮ್ಮ ಮಗಳ ತೋಳು ಹಿಡಿದು ಎಳೆದಳು. "ನಡಿಯೇ. ನಂಬಿದೆ ಬಿಡು. ನೀನು ಇಲ್ಲಿ ಕೆಲಸದವಳಲ್ದಿದ್ರೆ ಅವನು ಇಷ್ಟು ಬಾಯ್ತುಂಬಾ ಬೈತಿರಲಿಲ್ಲ."

ಅಮ್ಮನನ್ನು ನಂಬಿಸಬೇಕೆಂದೇ ಬಂದದ್ದು. ನಂಬಿಕೆಯೂ ಸಿಕ್ಕಿತು. ಆದರೆ ಹೀಗಾ ಸಿಗಬೇಕಾಗಿದ್ದು? ಹನ್ನೊಂದು ವರ್ಷದ ಗೆರೆಗಳು ಹೇಳದ ಸಾಕ್ಷಿಯನ್ನು ಒಂದು ಬೈಗುಳ ಹೇಳಿತ್ತು. ಅದುವರೆಗೆ ಯಾರಿಗೂ ಎದುರಾಡದ ಗೆರೆಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಕನ್ನಡಕ ತೆಗೆದು ಸೂಪರ್‌ವೈಸರನ ಮುಖವನ್ನೇ ನೋಡಿದಳು.

"ನಾಳೆ ಬರಲ್ಲ ಬಿಡಿ. ಆದ್ರೆ ಇವತ್ತು ಹೋಗಲ್ಲ. ಸಂಜೆ ನಾಲ್ಕರವರೆಗೆ ಅಂತ ಟಿಕೆಟ್ಟಲ್ಲಿ ಅಚ್ಚು ಹಾಕ್ಸಿರೋರು ನೀವೇ."

ಹಾಗೆಂದವಳೇ ಅಮ್ಮನ ಕೈ ಬಿಡಿಸಿಕೊಂಡು ದಡದಡ ಮುಂದಕ್ಕೆ ನಡೆದು, ಉಟ್ಟ ಬಟ್ಟೆಯಲ್ಲೇ ನೀರಂಚಿನಲ್ಲಿ ಕುಳಿತುಬಿಟ್ಟಳು.

ಪ್ರವಾಸಿಯೊಬ್ಬ ತಿರುಗಿ ನೋಡಿ "ಏನಾಯ್ತು?" ಎಂದು ಕೇಳಿದ. ಸೂಪರ್‌ವೈಸರ್ ಕೂಡಲೇ ಮುಖದ ಮೇಲೆ ನಗು ತಂದುಕೊಂಡು "ಏನಿಲ್ಲ, ಏನಿಲ್ಲ" ಎಂದ. ಅಷ್ಟು ಜನರ ಎದುರು ಆಕೆಯ ರಟ್ಟೆ ಹಿಡಿದು ಎಬ್ಬಿಸುವಂತಿರಲಿಲ್ಲ. ಜಗಲಿಯ ಕಡೆಗೆ ಹೊರಟುಹೋದ.

"ತಲೆಕೆಟ್ಟವಳು. ಇದ್ದೊಂದು ಕೆಲಸಾನೂ ಸಮುದ್ರಕ್ಕೆ ಹಾಕಿದ್ಲು," ಎಂದು ಗೊಣಗುತ್ತ ಅಮ್ಮ ಬಂದು ಪಕ್ಕದಲ್ಲಿ ಕುಳಿತಳು.

ಒಂದು ಅಲೆ ಬಂದು ಇಬ್ಬರನ್ನೂ ಸೊಂಟದವರೆಗೆ ತೋಯಿಸಿತು. ನೀರು ಬೆಚ್ಚಗಿತ್ತು. ನಸುಕಿನಲ್ಲಿ ಕೈ ತೊಳೆಯುವಾಗ ತಣ್ಣಗಿರುತ್ತಿದ್ದ ನೀರು ಬಿಸಿಲೇರಿದ ಮೇಲೆ ಹೀಗಿರುತ್ತದೆ ಎಂಬುದು ಒಂದು ದಿನಕ್ಕೆ ಬಂದುಹೋದವರಿಗೆಲ್ಲ ಗೊತ್ತಿತ್ತು, ಗೆರೆಯಕ್ಕನಿಗೆ ಗೊತ್ತಿರಲಿಲ್ಲ.

ಅದಕ್ಕೂ ಆಕೆಗೆ ಸಿಟ್ಟು ಬಂತು.