ನೀರು ಕುಡಿಯದ ಹೆಂಗಸರು ಮತ್ತು ನನ್ನ ಪ್ರಪೋಸಲ್

"ಇದರಲ್ಲಿ ಸೈಕಾಲಜಿ ಎಲ್ಲಿದೆಯಮ್ಮಾ?" ಎಂದು ನನ್ನ ಗೈಡ್ ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೇಳಿದ್ದು ಒಂದು ಸಲವಾ, ಎರಡು ಸಲವಾ? ಪ್ರಪೋಸಲ್ಲಿನ ಒಂದೊಂದು ಕರಡು ಪ್ರತಿಗೂ ಅದೇ ಪ್ರಶ್ನೆ. ಮೊದಲ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಅದನ್ನೇ ಗೀಚಿ ವಾಪಸ್ ಕೊಡುತ್ತಿದ್ದರು. ಎರಡನೇ ಪುಟ ತಿರುಗಿಸಿದ ಗುರುತೇ ಇರುತ್ತಿರಲಿಲ್ಲ.

ನಾನು ಆರೋಗ್ಯ ಮನೋವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತೇನೆಂದು ಹೊರಟವಳು. ವಿಷಯ ಇಷ್ಟೇ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಯಾಕೆ ನೀರು ಕುಡಿಯುವುದಿಲ್ಲ? ಕುಡಿದರೆ ಬಾತ್‌ರೂಮಿಗೆ ಹೋಗಬೇಕು. ಹೋಗಬೇಕೆಂದರೆ ಸೂಪರ್‌ವೈಸರ್ ಮೇಜಿನ ಮೇಲಿರುವ ಪಾಸ್ ಬೇಕು. ಸಾಲಾಗಿ ಕೂತು ಹೊಲಿಯುವ ಒಂದು ಲೈನಿಗೆಲ್ಲ ಇರುವುದು ಒಂದೇ ಪಾಸ್. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ನನ್ನ ಅಕ್ಕ ಅಂಥದೊಂದು ಲೈನಿನಲ್ಲಿ ಕಾಲರ್ ಹೊಲಿಯುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿರುವವರು. ಬೆಳಿಗ್ಗೆ ನಾನು ತುಂಬಿ ಕೊಟ್ಟ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ವಾಪಸ್ ಬರುತ್ತದೆ.

ಉರಿಮೂತ್ರವೆಂದು ಅವಳು ಡಾಕ್ಟರ ಹತ್ತಿರ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಹೋದ ವರ್ಷ ಚಳಿಜ್ವರ ಬಂದು, ಸೋಂಕು ಕಿಡ್ನಿಗೆ ಏರಿದೆಯೆಂದು ಅಡ್ಮಿಟ್ ಮಾಡಿಕೊಂಡರು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದವಳನ್ನು ನಾನು ಚೆನ್ನಾಗಿ ಬೈದೆ.

"ಪಾಸ್ ಕೇಳಿದ್ರೆ 'ಐದು ನಿಮಿಷ ತಡ್ಕೋಮ್ಮಾ, ಈ ಪೀಸ್ ಮುಗಿಸ್ಬಿಡು' ಅಂತಾರೆ ಕಣೇ," ಅಂದಳು. "ಎಲ್ಲರ ಮುಂದೆ ಪದೇ ಪದೇ ಕೇಳಕ್ಕೆ ನಾಚಿಕೆ. ಅದಕ್ಕೆ ಕುಡಿಯೋದನ್ನೇ ಬಿಟ್ಬಿಟ್ಟೆ."

ನನಗೆ ವಿಷಯ ಸಿಕ್ಕಿದ್ದು ಅವತ್ತು.

ಗೈಡ್‌ಗೆ ಇದೆಲ್ಲ ಹೇಳಿದರೆ, "ಇದು ಕಕ್ಕಸಿನ ಸಮಸ್ಯೆ ಕಣಮ್ಮಾ, ಲೇಬರ್ ಆಫೀಸಿಗೊಂದು ಅರ್ಜಿ ಬರಿ, ಮುಗೀತು. ಪಿಎಚ್‌.ಡಿ. ಯಾಕೆ?" ಎಂದರು. ಅವರ ಮನಸ್ಸಿನಲ್ಲಿ ಬೇರೆಯೇ ಇತ್ತು. ಎಲೆಕ್ಟ್ರಾನಿಕ್ ಸಿಟಿಯ ಐಟಿಯವರ ಫೋನಿಗೆ ಧ್ಯಾನದ ಆ್ಯಪ್ ಹಾಕಿಸಿ, ಅವರ ಒತ್ತಡ ಎಷ್ಟು ಇಳಿಯಿತು ಎಂದು ಅಳೆಯಬೇಕಂತೆ. "ಡೇಟಾ ತಾನಾಗೇ ಬಂದು ಬೀಳುತ್ತೆ. ನೀನು ಬಿಸಿಲಲ್ಲಿ ಅಲೆಯೋದೂ ತಪ್ಪುತ್ತೆ," ಎಂದು ಆಸೆ ಹುಟ್ಟಿಸಿದರು. ಐಟಿಯವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಒತ್ತಡವೂ ಒತ್ತಡವೇ. ಆದರೆ ಅದನ್ನು ಅಳೆಯುವುದಕ್ಕೆ ಜನ ಕ್ಯೂ ನಿಂತಿದ್ದಾರಲ್ಲ! ನಾನು ಹಟ ಬಿಡಲಿಲ್ಲ. ಕೊನೆಗೆ ಅವರೇ ಒಂದು ಒಪ್ಪಂದಕ್ಕೆ ಬಂದರು. ಪ್ರಪೋಸಲ್ ನೋಡುವ ಯೂನಿವರ್ಸಿಟಿ ಕಮಿಟಿ ಈ ಸಲ ಒಪ್ಪಿದರೆ ನನ್ನ ವಿಷಯ, ಒಪ್ಪದಿದ್ದರೆ ಮರುಮಾತಿಲ್ಲದೆ ಅವರದ್ದು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಫ್ಯಾಕ್ಟರಿಯ ಅನುಮತಿ ಪತ್ರ ತಂದರೆ ಮಾತ್ರ ಪ್ರಪೋಸಲ್ ಮುಂದಕ್ಕೆ ಹೋಗುತ್ತದೆ ಎಂದು ಯೂನಿವರ್ಸಿಟಿಯವರು. ಪ್ರಪೋಸಲ್‌ಗೆ ಒಪ್ಪಿಗೆ ಸಿಕ್ಕಿದ್ದು ತೋರಿಸಿದರೆ ಮಾತ್ರ ಅನುಮತಿ ಎಂದು ಫ್ಯಾಕ್ಟರಿಯವರು. ಲಾರಿಗಳು ಎಬ್ಬಿಸಿದ ಧೂಳು ಕುಡಿಯುತ್ತಾ ಗೇಟಿನಿಂದ ಗೇಟಿಗೆ ಅಲೆದೆ. "ಮೇಡಂ, ಎಚ್‌ಆರ್ ಮೀಟಿಂಗಲ್ಲಿ ಅವ್ರೆ," ಎಂದು ಎಲ್ಲ ಸೆಕ್ಯುರಿಟಿಯವರೂ ಒಂದೇ ಪಾಠ ಒಪ್ಪಿಸಿದರು. ಕಡೆಗೊಂದು ಸಣ್ಣ ಕಾರ್ಖಾನೆಯ ಮಾಲೀಕರು ಪತ್ರ ಕೊಡಲು ಹೂಂ ಅಂದರು, ಆದರೆ 'ಬಾತ್‌ರೂಮ್' ಎಂಬ ಶಬ್ದ ಎಲ್ಲೂ ಬರಕೂಡದು ಎಂದರು. ಗೈಡ್ ಕೂಡಲೇ ಶೀರ್ಷಿಕೆ ತಿದ್ದಿದರು: 'ಮಹಿಳಾ ಕಾರ್ಮಿಕರಲ್ಲಿ ದ್ರವ ಸೇವನಾ ವರ್ತನೆಯ ಮನೋಸಾಮಾಜಿಕ ನಿರ್ಧಾರಕಗಳು.'

ಅಕ್ಕನಿಗೆ ಓದಿ ಹೇಳಿದೆ. ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿ ಬಿದ್ದು ಬಿದ್ದು ನಕ್ಕಳು. "ಇದು ನಮ್ಮ ವಿಷ್ಯಾನಾ? ಒಳ್ಳೆ ಬ್ರಾಂದಿ ಅಂಗಡಿ ಸರ್ವೇ ಇದ್ದಂಗಿದೆ!" ನನಗೂ ನಗು ಬಂತು, ಅಳುವೂ ಬಂತು.

ಕಮಿಟಿಯ ದಿನ ಬೆಳಿಗ್ಗೆ ಗಂಟಲು ಒಣಗುತ್ತಿದೆಯೆಂದು ಎರಡು ಲೋಟ ನೀರು ಕುಡಿದು, ಮೆಟ್ರೊ ಹತ್ತಿ ಹೊರಟೆ. ವಿಭಾಗದ ಹೊರಗೆ ಬೆಂಚಿನ ಮೇಲೆ ನಾವೊಂದಷ್ಟು ಜನ ಕಾದೆವು. ಯಾರನ್ನು ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಟೀ ಕುಡಿಯಲು ಹೋಗಿದ್ದ ಒಬ್ಬರ ಸರದಿ ತಪ್ಪಿ, ಅವರನ್ನು ಕೊನೆಗೆ ತಳ್ಳಿದ್ದನ್ನು ಕಣ್ಣಾರೆ ಕಂಡೆ. ಜಾಗ ಬಿಟ್ಟು ಅಲ್ಲಾಡಲಿಲ್ಲ. ನನ್ನನ್ನು ಒಳಗೆ ಕರೆದಾಗ ಊಟದ ಹೊತ್ತು ಮೀರಿತ್ತು, ಹೊಟ್ಟೆಯ ಕೆಳಗೆ ಹಿಂಡುತ್ತಿತ್ತು.

ಕಮಿಟಿಯ ಅಧ್ಯಕ್ಷರು ಹೆಂಗಸು ಎಂದು ನೋಡಿ ನನಗೆ ಧೈರ್ಯ ಬಂದಿತ್ತು. ನನ್ನ ಮಾತು ಬೇಗ ಮುಗಿಯಿತು, ಅವರ ಚರ್ಚೆ ಮುಗಿಯಲಿಲ್ಲ. ಶೀರ್ಷಿಕೆಯಲ್ಲಿ 'ಸೇವನೆ' ಎನ್ನಬೇಕೋ 'ಬಳಕೆ' ಎನ್ನಬೇಕೋ ಎಂದು ಇಬ್ಬರು ಸದಸ್ಯರು ಜಗ್ಗಾಡುತ್ತಿದ್ದರು. ನಾನು ಕಾಲಿಗೆ ಕಾಲು ಹೆಣೆದು ನಿಂತಿದ್ದೆ. ಬೆವರು ಇಳಿಯುತ್ತಿತ್ತು. ಇನ್ನು ಸಾಧ್ಯವೇ ಇಲ್ಲ ಎನಿಸಿದಾಗ ಬಾಯಿಬಿಟ್ಟೆ.

"ಮೇಡಂ, ಬಾತ್‌ರೂಮಿಗೆ ಹೋಗಿ ಬರ್ತೀನಿ."

ಅಧ್ಯಕ್ಷೆ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಗಡಿಯಾರ ನೋಡಿದರು. "ಐದು ನಿಮಿಷ ತಡ್ಕೋಮ್ಮಾ. ಇದೊಂದು ಮುಗಿಸ್ಬಿಡೋಣ."

ಗೈಡ್ ಮುಖ ನೋಡಿದೆ. ಅವರು ಕಣ್ಣಲ್ಲೇ 'ನಿಲ್ಲು' ಎಂದರು. ಇಡೀ ಪ್ರಪೋಸಲ್ಲು ಅಲ್ಲೇ ಪರದೆಯ ಮೇಲಿದೆ, ಒಬ್ಬರಿಗೂ ಹೊಳೆಯಲಿಲ್ಲವಲ್ಲ! "ಆಗಲ್ಲ ಮೇಡಂ," ಎಂದು ಹೊರಗೆ ನಡೆದುಬಿಟ್ಟೆ. ಹೆಂಗಸರ ಬಾತ್‌ರೂಮಿಗೆ ಬೀಗ. ಕೀಲಿ ಆಫೀಸಿನಲ್ಲಿ. ಕೇಳಿ, ತೆಗೆಸಿ, ವಾಪಸ್ ಬರುವಷ್ಟರಲ್ಲಿ ಪರದೆಯ ಮೇಲೆ ಇನ್ಯಾರದೋ ಪ್ರಪೋಸಲ್ ಓಡುತ್ತಿತ್ತು.

"ಕಮಿಟಿಗೆ ಮರ್ಯಾದೆ ಕೊಡಬೇಕಮ್ಮಾ," ಎಂದರು ಗೈಡ್, ಕಾರಿಡಾರಿನಲ್ಲಿ. "ಮುಂದಿನ ಸಿಟ್ಟಿಂಗ್‌ಗೆ ಆ್ಯಪ್ ಟಾಪಿಕ್ ರೆಡಿ ಮಾಡ್ಕೊಂಡು ಬಾ."

ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಲ್ಲಿದ್ದಾಗ ಅಕ್ಕನ ಫೋನ್ ಬಂತು. ಲೈನಿನಲ್ಲಿ ಕೂತವರು ಫೋನ್ ಮುಟ್ಟುವ ಹಾಗಿಲ್ಲ. ಎದ್ದು ಹೊರಗೆ ಬಂದು ಮಾಡಿದ್ದಳು. "ಏನಾಯ್ತೇ?" ಎಂದಳು. ನಡೆದದ್ದನ್ನೆಲ್ಲ ಒದರಿದೆ.

"ಐದೇ ನಿಮಿಷ ಅಲ್ವೇನೇ?" ಎಂದಳು. "ತಡ್ಕೋಬಾರ್ದಿತ್ತಾ?"

ನನಗೆ ತಲೆಗೇರಿತು. ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ನಿನಗೋಸ್ಕರ ತಾನೆ ಇಷ್ಟೆಲ್ಲ, ನೀನೇ ಹೀಗಂದರೆ ಯಾರಿಗೆ ಹೇಳಲಿ ಎಂದೆ.

"ಆಯ್ತು ಮಾರಾಯ್ತಿ, ಮನೇಗೆ ಬಂದು ಬೈಯಿ. ಈಗ ಇಡ್ತೀನಿ, ಪಾಸ್ ವಾಪಸ್ ಕೊಡ್ಬೇಕು. ಇನ್ನೊಬ್ಳು ಕಾಯ್ತವ್ಳೆ."

"ನೀನು ಬಾತ್‌ರೂಮಿಗೆ ಹೋಗ್ಬಂದ್ಯಾ?"

"ಇಲ್ಲ ಕಣೇ. ನಿಂಗೆ ಫೋನ್ ಮಾಡೋಣ ಅಂತ ಪಾಸ್ ಇಸ್ಕೊಂಡೆ," ಎಂದಳು. "ಸಂಜೆ ಮನೇಲಿ ಹೋದ್ರಾಯ್ತು."