ಸೀಟಿ ಸಾರ್ ತೆಗೆದ ಸರಾಸರಿ

ಈಜುಕೊಳದ ಮಕ್ಕಳು ಆತನನ್ನು ಎದುರಿಗೆ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಸೀಟಿ ಎನ್ನುತ್ತಿದ್ದರು. ಕೊರಳಲ್ಲಿ ಸದಾ ನೇತಾಡುವ ಸೀಟಿಯಿಂದ ಬಂದ ಹೆಸರು. ಆತನಿಗೆ ಬಾಯಿಗಿಂತ ಸೀಟಿಯೇ ಜೋರು: ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು, ಉದ್ದಕ್ಕೆ ಊದಿದರೆ ನಿನ್ನ ಕಥೆ ಮುಗಿಯಿತು ಎಂದರ್ಥ. ಕೆಲಸದಲ್ಲಿ ಹೆಸರು ಇಡುವ ಹಾಗಿರಲಿಲ್ಲ. ದಡದಲ್ಲಿ ನಿಂತು, ಮಗುವಿನ ಮೊಣಕೈ ನೀರಿಗೆ ಬೀಳುವ ರೀತಿ ನೋಡಿಯೇ ಯಾವ ಭುಜ ನೋಯುತ್ತಿದೆ ಎಂದು ಹೇಳಬಲ್ಲ. ಆದರೆ ನಾಲ್ಕು ಅಂಕಿ ಒಟ್ಟಿಗೆ ಕಂಡರೆ ಸಾಕು, ಆ ಗಟ್ಟಿ ಆಳಿನ ಅಂಗೈ ಬೆವರುತ್ತಿತ್ತು.

ಈ ಗುಟ್ಟನ್ನು ಆತ ಬಹಳ ಜತನವಾಗಿ ಕಾಪಾಡಿಕೊಂಡು ಬಂದಿದ್ದ. ಸ್ನೇಹಿತರ ಜೊತೆ ಹೋಟೆಲಿಗೆ ಹೋದಾಗ ಬಿಲ್ಲು ಬಂದರೆ, ಬಾರದ ಫೋನನ್ನು ಕಿವಿಗೆ ಹಿಡಿದು ಎದ್ದು ಹೊರಗೆ ನಡೆಯುತ್ತಿದ್ದ. ಪಾಲು ಹಾಕುವ ಕೆಲಸ ತನ್ನ ತಲೆಗೆ ಬರಬಾರದಷ್ಟೆ. ಅವರು ಜಿಪುಣ ಎಂದು ಆಡಿಕೊಂಡರು. ಆಡಿಕೊಳ್ಳಲಿ, ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದು ಆತ ಸುಮ್ಮನಿದ್ದ. ಚಿಕ್ಕಂದಿನಲ್ಲಿ ಆತನ ಮನೆಲೆಕ್ಕವನ್ನೆಲ್ಲ ಅಕ್ಕ ಮಾಡಿಕೊಡುತ್ತಿದ್ದಳು. ತಮ್ಮನ ಮೇಲಿನ ಪ್ರೀತಿ ಅದು. ಆ ಪ್ರೀತಿಯಿಂದಾಗಿಯೇ ಈತನಿಗೆ ಭಾಗಾಕಾರ ಕೊನೆಯವರೆಗೂ ಕಬ್ಬಿಣದ ಕಡಲೆಯಾಗಿ ಉಳಿಯಿತು.

ಹೀಗೆ ದಿನ ತಳ್ಳುತ್ತಿದ್ದವನ ಮೇಲೆ ಈಜುಕೊಳದ ಆಡಳಿತದವರು ಒಂದು ಹೊಸ ನಿಯಮ ತಂದು ಹಾಕಿದರು. ತರಬೇತುದಾರರೆಲ್ಲ ಸಂಖ್ಯಾಶಾಸ್ತ್ರದ ಮೊದಲ ಪಾಠ ಕಲಿತು ಪರೀಕ್ಷೆ ಪಾಸಾಗಬೇಕು. ಬುನಾದಿ ಗಣಿತ ಮರೆತುಹೋದವರಿಗೆ ಅದಕ್ಕೂ ಮೊದಲು ಸಂಜೆ ತರಗತಿ. ಮರೆತುಹೋದವರಿಗೆ ಎಂದು ಬರೆದ ಪುಣ್ಯಾತ್ಮ ಯಾರೋ ಮರ್ಯಾದಸ್ಥ. ಕಲಿಯದೇ ಇದ್ದವರಿಗೆ ಎಂದು ಬರೆದಿದ್ದರೆ ಸೀಟಿ ಸಾರ್ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಕೋಚ್‌ಗಳ ಮೀಟಿಂಗು ಎಂದು ಹೇಳಿ ಹೊರಟ.

ತರಗತಿ ನಡೆಯುತ್ತಿದ್ದದ್ದು ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ. ಗೋಡೆ ತುಂಬ ಹಣ್ಣುಗಳ ಚಿತ್ರ, ಮೊಣಕಾಲು ಹಿಡಿಸದ ಪುಟ್ಟ ಬೆಂಚು. ಪಾಠ ಹೇಳುವ ಮೇಡಂ ಸಣ್ಣ ವಯಸ್ಸಿನವಳು, ಸೀಮೆಸುಣ್ಣವನ್ನು ಸಿಗರೇಟಿನ ಹಾಗೆ ಬೆರಳ ಸಂದಿಯಲ್ಲಿ ಹಿಡಿಯುವವಳು. "ನಾಚಿಕೆನ ಛತ್ರಿ ಜೊತೆ ಆ ಮೂಲೇಲಿ ಇಟ್ಟು ಬನ್ನಿ. ಹೋಗುವಾಗ ಬೇಕಿದ್ರೆ ತಗೊಂಡು ಹೋಗಿ," ಎಂದು ಮೊದಲ ದಿನವೇ ಹೇಳಿದಳು. ಎಲ್ಲರೂ ನಕ್ಕರು. ಸೀಟಿ ಸಾರ್ ಛತ್ರಿಯನ್ನೇನೋ ಮೂಲೆಯಲ್ಲಿಟ್ಟ.

ತಡವಾಗಿ ಬಂದ ಹೆಂಗಸೊಬ್ಬಳು ಉಳಿದಿದ್ದ ಒಂದೇ ಜಾಗದಲ್ಲಿ, ಆತನ ಬೆಂಚಿನ ಇನ್ನೊಂದು ತುದಿಗೆ ಕೂತಳು. ನೋಡಿದರೆ ಲ್ಯಾಬಮ್ಮ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಗಳ ರಕ್ತ ತೆಗೆಯುವವಳು. ಮೇಲಿನ ಹುದ್ದೆಗೆ ಅವಳಿಗೂ ಇದೇ ಪರೀಕ್ಷೆ. ಸೀಟಿ ಸಾರ್‌ಗೆ ಜೀವ ಬಾಯಿಗೆ ಬಂತು. ಹಿಂದಿನ ವಾರವಷ್ಟೇ ಅವಳ ಮಗಳನ್ನು ರಿಲೇ ತಂಡದಿಂದ ಕೈಬಿಟ್ಟಿದ್ದ. ಈಗ ಅವಳ ಪಕ್ಕದಲ್ಲೇ ಕೂತು ಭಿನ್ನರಾಶಿ ಕಲಿಯಬೇಕು! ಇವಳು ಹೊರಗೆ ಹೋಗಿ ಬಾಯಿ ಬಿಟ್ಟರೆ ತನ್ನ ಮಾನ ಮೂರು ಕಾಸಿಗೆ ಹರಾಜು ಎಂದು ಹೆದರಿದ. ಲ್ಯಾಬಮ್ಮ ಮಾತ್ರ ಒಮ್ಮೆ ನೋಡಿ, ಚೀಲದಿಂದ ಪೆನ್ಸಿಲ್ ತೆಗೆದು, ಬೋರ್ಡಿನ ಕಡೆ ತಿರುಗಿದಳು.

ತಂಡದ ವಿಷಯ ಇಷ್ಟು. ಮೂವರು ಆಗಲೇ ಗಟ್ಟಿಯಾಗಿದ್ದರು, ನಾಲ್ಕನೆಯ ಜಾಗಕ್ಕೆ ಇಬ್ಬರು ಹುಡುಗಿಯರು ಉಳಿದಿದ್ದರು. ಒಬ್ಬಳು ಸೀಟಿ ಸಾರ್‌ನ ಅಕ್ಕನ ಮಗಳು. ಇನ್ನೊಬ್ಬಳು ಲ್ಯಾಬಮ್ಮನ ಮಗಳು, ಕೈಕಾಲು ಸಣ್ಣಗಿದ್ದದ್ದಕ್ಕೆ ಎಲ್ಲರ ಬಾಯಲ್ಲೂ ಕಡ್ಡಿ. ಇಬ್ಬರನ್ನೂ ಮೂರು ಮೂರು ಸಲ ಈಜಿಸಿ, ಯಾರ ಸರಾಸರಿ ಕಡಿಮೆಯೋ ಅವರು ತಂಡಕ್ಕೆ ಎಂದಿದ್ದ. ಅಕ್ಕನ ಮಗಳು ಗಡಿಯಾರದಂತೆ ಈಜಿದಳು, ಮೂರು ಸಲವೂ ಎರಡು ನಿಮಿಷ ಐವತ್ತೇಳು ಸೆಕೆಂಡಿನ ಆಸುಪಾಸು. ಕಡ್ಡಿ ಮೊದಲ ಸಲ ಎರಡು ನಿಮಿಷ ನಲವತ್ತೆಂಟರಲ್ಲಿ ಮುಟ್ಟಿದಳು, ಎರಡನೆಯ ಸಲ ಎರಡು ನಿಮಿಷ ಐವತ್ತರಲ್ಲಿ. ಮೂರನೆಯ ಸಲ ಕನ್ನಡಕದೊಳಗೆ ನೀರು ನುಗ್ಗಿ, ಹಗ್ಗಕ್ಕೆ ಡಿಕ್ಕಿ ಹೊಡೆದು, ಮೂರು ನಿಮಿಷ ನಾಲ್ಕು ಸೆಕೆಂಡಾಯಿತು.

ಸೀಟಿ ಸಾರ್ ಮರೆಯಲ್ಲಿ ನಿಂತು ಫೋನಿನಲ್ಲಿ ಒತ್ತಿದ. ಕೋಚ್‌ಗಳು ಬರೆಯುವ ಹಾಗೆಯೇ, ನಿಮಿಷಕ್ಕೂ ಸೆಕೆಂಡಿಗೂ ನಡುವೆ ಒಂದು ಚುಕ್ಕೆ: 2.48, 2.50, 3.04. ಕೂಡಿಸಿ ಮೂರರಿಂದ ಭಾಗಿಸಿದಾಗ 2.67 ಬಂತು. ಅರವತ್ತೇಳು ಸೆಕೆಂಡು ಅಂದರೆ ಒಂದು ನಿಮಿಷ ಏಳು ಸೆಕೆಂಡಲ್ಲವೇ ಎಂದು ತನ್ನ ಬುದ್ಧಿಗೆ ತಾನೇ ಮೆಚ್ಚಿ, ಬೋರ್ಡಿನ ಮೇಲೆ ಕಡ್ಡಿಯ ಹೆಸರಿನ ಮುಂದೆ 3.07 ಎಂದು ದಪ್ಪಗೆ ಬರೆದ. ಹುಡುಗಿ ಒದ್ದೆ ಕೂದಲಲ್ಲೇ ಬಂದು ನೋಡಿದಳು.

"ಸಾರ್, ನಾನು ಅಷ್ಟು ನಿಧಾನ ಒಂದ್ಸಲನೂ ಈಜಿಲ್ಲ."

"ಏನು, ನನಗೇ ಲೆಕ್ಕ ಹೇಳ್ಕೊಡ್ತೀಯಾ?" ಎಂದು ಸೀಟಿ ಸಾರ್ ಗದರಿದ. ಲೆಕ್ಕದ ಸುದ್ದಿ ಎತ್ತಿದವರ ಮೇಲೆಲ್ಲ ಆತ ಹಾಗೇ ಎಗರುತ್ತಿದ್ದ. ಹೆದರಿಕೆಗೆ ಇದ್ದದ್ದು ಅದೊಂದೇ ದಾರಿ. ಹುಡುಗಿ ಟವೆಲ್ಲು ಹೊದ್ದುಕೊಂಡು ಹೋದಳು, ಮರುದಿನದಿಂದ ಬರಲಿಲ್ಲ. ಹೆಸರುಗಳನ್ನು ಮೇಲಕ್ಕೆ ಕಳಿಸಲು ತಿಂಗಳ ಕೊನೆಯ ತನಕ ಸಮಯವಿತ್ತು.

ತರಗತಿ ಮುಂದುವರಿಯಿತು. ಮೇಡಂ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ನಡುವೆ ಸೊನ್ನೆ ಬರೆದು, ದೊಡ್ಡವರನ್ನೆಲ್ಲ ಅದರ ಮೇಲೆ ಹಿಂದೆ ಮುಂದೆ ನಡೆಸಿದಳು. ಸೊನ್ನೆಗಿಂತ ಹಿಂದೆಯೂ ಜಾಗವಿದೆ ಎಂದು ಸೀಟಿ ಸಾರ್‌ಗೆ ಗೊತ್ತಾದದ್ದು ಕಾಲಿನಿಂದ. ಆವರಣದೊಳಗಿನದ್ದು ಮೊದಲು, ಆಮೇಲೆ ಗುಣಿಸು, ಆಮೇಲೆ ಕೂಡು; ಬಟ್ಟೆ ಬದಲಿಸಿ, ಮೈ ತೊಳೆದು, ಆಮೇಲೆ ನೀರಿಗೆ ಇಳಿಯುವ ಹಾಗೆ. ವರ್ಗ, ವರ್ಗಮೂಲಗಳೂ ಒಂದೊಂದಾಗಿ ಬಂದವು. ಆತ ಪ್ರತಿ ಲೆಕ್ಕವನ್ನೂ ಎಡಗೈ ಅಡ್ಡ ಇಟ್ಟುಕೊಂಡೇ ಮಾಡುತ್ತಿದ್ದ, ಪಕ್ಕದವಳಿಗೆ ಕಾಣದಿರಲೆಂದು. ಒಂದು ಸಂಜೆ ಆತನ ರಬ್ಬರು ಕೆಳಗೆ ಬಿದ್ದಾಗ ಲ್ಯಾಬಮ್ಮ ತನ್ನದನ್ನೇ ಅವನ ಕಡೆ ಸರಿಸಿದಳು. ಆತ ರಬ್ಬರು ತೆಗೆದುಕೊಂಡ, ಎಡಗೈಯನ್ನು ಮಾತ್ರ ಸರಿಸಲಿಲ್ಲ.

ತಿಂಗಳು ಮುಗಿಯುತ್ತ ಬಂದಾಗ ಸರಾಸರಿಯ ಪಾಠ ಬಂತು. "ಒಂದು ವಿಷಯ ತಲೇಲಿ ಇಟ್ಕೊಳ್ಳಿ," ಎಂದಳು ಮೇಡಂ. "ಸರಾಸರಿ ಅನ್ನೋದು ಯಾವತ್ತೂ ಇರೋದ್ರಲ್ಲಿ ಚಿಕ್ಕದು, ದೊಡ್ಡದು, ಅವೆರಡರ ಮಧ್ಯನೇ ಕೂರುತ್ತೆ. ದೊಡ್ಡದಕ್ಕಿಂತ ದೊಡ್ಡದಾಗಿ ಬಂತು ಅಂದ್ರೆ ಕಣ್ಮುಚ್ಚಿ ಹೇಳಿ, ಲೆಕ್ಕ ಎಕ್ಕುಟ್ಟೋಗಿದೆ."

ಕೋಣೆಯಲ್ಲಿ ಯಾರೋ ನಕ್ಕರು. ಸೀಟಿ ಸಾರ್‌ಗೆ ಬೋರ್ಡಿನ ಮೇಲೆ ತಾನೇ ದಪ್ಪಗೆ ಬರೆದ 3.07 ಕಣ್ಣಿಗೆ ಕಟ್ಟಿತು. ಕಡ್ಡಿಯ ಅತಿ ಕೆಟ್ಟ ಈಜು ಮೂರು ನಿಮಿಷ ನಾಲ್ಕು. ನಾನು ಅಷ್ಟು ನಿಧಾನ ಒಂದ್ಸಲನೂ ಈಜಿಲ್ಲ ಸಾರ್. ಮೇಡಂ ಇವತ್ತು ಹೇಳಿದ ಪಾಠವನ್ನೇ ಆ ಹುಡುಗಿ ಅವತ್ತು ಒದ್ದೆ ಮೈಯಲ್ಲಿ ನಿಂತು ಹೇಳಿದ್ದಳು.

ಎಡಗೈ ಅಡ್ಡ ಇಟ್ಟು, ನಿಮಿಷಗಳನ್ನೆಲ್ಲ ಸೆಕೆಂಡು ಮಾಡಿ ಮತ್ತೆ ಲೆಕ್ಕ ಹಾಕಿದ. ನಿಮಿಷ ತುಂಬುವುದು ಅರವತ್ತಕ್ಕೆ. ಫೋನು ಪಾಪ ನೂರು ಎಂದುಕೊಂಡಿತ್ತು, ಹಾಗೆ ಅಂದುಕೊಳ್ಳುವಂತೆ ಚುಕ್ಕೆ ಒತ್ತಿದವನು ತಾನು. ಸರಿಯಾದ ಉತ್ತರ ಎರಡು ನಿಮಿಷ ಐವತ್ತನಾಲ್ಕು. ಅಕ್ಕನ ಮಗಳಿಗಿಂತ ಕಡ್ಡಿಯೇ ಮುಂದಿದ್ದಳು. ಆತನ ಕಿವಿಯೆಲ್ಲ ಬಿಸಿಯಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಆ ಪುಟ್ಟ ಬೆಂಚಿನ ಸಮೇತ.

ತರಗತಿ ಬಿಟ್ಟ ಮೇಲೆ ಗಾಡಿ ನಿಲ್ಲಿಸುವ ಕಡೆ ಲ್ಯಾಬಮ್ಮನನ್ನು ತಡೆದ.

"ಅಮ್ಮಾ, ಅವತ್ತಿನ ಆಯ್ಕೆ ವಿಷಯ..."

"ಬಿಡಿ ಸಾರ್," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. "ಸ್ವಂತ ಅಕ್ಕನ ಮಗಳು. ನಿಮ್ಮ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು. ನಾವು ಅದನ್ನ ಅವತ್ತೇ ಮರ್ತ್ವಿ."

ಅಂದರೆ ಇವರೆಲ್ಲ ಆತ ಬೇಕೆಂದೇ ಮೋಸ ಮಾಡಿದ ಎಂದು ತಿಳಿದಿದ್ದರು. ಅಲ್ಲಮ್ಮಾ, ಮೋಸ ಅಲ್ಲ, ನನಗೆ ಲೆಕ್ಕ ಬರಲ್ಲ ಎಂದು ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ಹೊರಡದಿದ್ದರೆ ಹೋಗಲಿ, ಒಳಗೊಳಗೇ ಒಂದು ನಿರಾಳವೂ ಆಯಿತು. ಮೋಸಗಾರನಾದರೆ ಬುದ್ಧಿಯಾದರೂ ಇದೆ ಎಂದಾಯಿತಲ್ಲ! "ಹಾಗಲ್ಲ..." ಎಂದಷ್ಟೇ ಗೊಣಗಿ, ಹೆಲ್ಮೆಟ್ಟು ಹಾಕಿಕೊಂಡು ಹೊರಟುಬಿಟ್ಟ. ಎರಡು ತಿರುವು ದಾಟಿದ ಮೇಲೆ ತಾನು ಯಾವುದನ್ನು ಆರಿಸಿಕೊಂಡೆ ಎಂಬುದು ಅರ್ಥವಾಗಿ, ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿ ಕೂತ. ಅಷ್ಟು ಅಸಹ್ಯ ಆತನಿಗೆ ತನ್ನ ಮೇಲೆ ಹಿಂದೆಂದೂ ಆಗಿರಲಿಲ್ಲ.

ಅಲ್ಲಿಂದ ಅಕ್ಕನ ಮನೆಗೆ ಹೋದ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಮಗಳ ಹೊಸ ಈಜುಡುಪು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಆತ ಉಸಿರು ಬಿಡದೆ ಎಲ್ಲ ಹೇಳಿದ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಯಾರಿಗೆ ಗೊತ್ತಾಗಿದೆ?"

"ಯಾರಿಗೂ ಇಲ್ಲ."

"ಮತ್ಯಾಕೆ ಮೈಮೇಲೆ ಎಳ್ಕೊಳ್ತೀಯಾ? ಮಗಳು ಆಗಲೇ ತಂಡಕ್ಕೆ ಸೇರಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದಾಳೆ. ಚಿಕ್ಕಂದಿನಲ್ಲಿ ನಿನ್ನ ಲೆಕ್ಕನೆಲ್ಲ ನಾನೇ ಮಾಡ್ಕೊಟ್ಟೆ. ಒಂದಿನ ಯಾರ ಮುಂದಾದ್ರೂ ಅಂದಿದೀನಾ? ಇದೊಂದು ಹಾಗೇ ಮುಚ್ಚಿಹೋಗ್ಲಿ ಬಿಡು."

ಸಮಾಧಾನಕ್ಕೆ ಆಡಿದ ಮಾತು. ಅದು ಆತನ ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಮುಚ್ಚಿದ್ದರಿಂದಲೇ ಇಲ್ಲಿಗೆ ಬಂದು ನಿಂತಿದ್ದ. "ಇಲ್ಲ ಅಕ್ಕ, ಈ ಸಲ ನಾನೇ ಮಾಡ್ತೀನಿ," ಎಂದು ಎದ್ದ. ಅಕ್ಕ ಮತ್ತೆ ಇಸ್ತ್ರಿಗೆ ಕೈ ಹಾಕಿದಳು, ಬಾಗಿಲ ತನಕ ಬರಲಿಲ್ಲ.

ಮರುದಿನ ಬೆಳಿಗ್ಗೆ ಲ್ಯಾಬಮ್ಮನ ಮನೆಯ ಬಾಗಿಲು ತಟ್ಟಿದಾಗ ಕಡ್ಡಿಯೇ ತೆರೆದಳು. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಸೀಟಿ ಸಾರ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ನನಗೆ ಲೆಕ್ಕ ಬರಲ್ಲಮ್ಮಾ," ಎಂದ. "ನೀನು ಗೆದ್ದಿದ್ದೆ. ನಾನು ತಪ್ಪು ಬರ್ದೆ."

ಹುಡುಗಿಯ ಹಿಂದೆ ತಾಯಿ ಬಂದು ನಿಂತಳು. ಹುಡುಗಿ ಬ್ರಷ್ಷು ತೆಗೆದಳು. "ನಂಗೊತ್ತಿತ್ತು ಸಾರ್."

"ಗೊತ್ತಿದ್ರೆ ಹೇಳಬಾರದಿತ್ತಾ?"

"ಹೇಳಿದ್ನಲ್ಲ ಸಾರ್."

ಆತ ತಲೆ ತಗ್ಗಿಸಿದ. ಎಡಗೈ ಅಡ್ಡ ಇಟ್ಟು ಬರೆಯುವ ಮನುಷ್ಯನ ಗುಟ್ಟು ಲ್ಯಾಬಮ್ಮನಿಗೆ ಈಗ ತಿಳಿದಿರಬೇಕು. "ಇಲ್ಲಿ ನಮ್ಮ ಮುಂದೆ ಹೇಳಿದ್ರೆ ಆಗಲ್ಲ ಸಾರ್," ಎಂದಳು ಮೆಲ್ಲಗೆ. "ಆ ಮೂರು ನಿಮಿಷ ಏಳು ಸೆಕೆಂಡನ್ನ ಎಲ್ರೂ ನೋಡಿದಾರೆ."

ಸಂಜೆ ಈಜುಕೊಳದ ದಡದಲ್ಲಿ ಮಕ್ಕಳು, ಬಿಡಲು ಬಂದ ತಂದೆತಾಯಿಗಳು, ಎಲ್ಲ ಸೇರಿದ್ದರು. ಅಕ್ಕನೂ ಬಂದು ದೂರದ ಕಂಬಕ್ಕೆ ಒರಗಿ ನಿಂತಿದ್ದಳು. ಸೀಟಿ ಸಾರ್ ಸೀಟಿ ಊದಲಿಲ್ಲ. ಟವೆಲ್ಲಿನಿಂದ ಬೋರ್ಡು ಒರೆಸಿ, "ಕಡ್ಡಿ ಸರಾಸರಿ ನಾನು ತಪ್ಪು ತೆಗ್ದಿದ್ದೆ. ಮೋಸ ಮಾಡಿದ್ದಲ್ಲ, ನನಗೆ ಬರ್ತಿರಲಿಲ್ಲ," ಎಂದ. ಮಾರ್ಕರನ್ನು ಹುಡುಗಿಯ ಕಡೆ ಚಾಚಿ, "ನೀನೇ ಮಾಡಿ ತೋರಿಸ್ತೀಯಾ?" ಎಂದು ಕೇಳಿದ. ಅವಳು ಕೈ ಕಟ್ಟಿಕೊಂಡೇ ನಿಂತಿದ್ದಳು.

"ನೀವೇ ಮಾಡಿ ಸಾರ್."

ಮಾಡಿದ. ನೂರ ಅರವತ್ತೆಂಟು, ನೂರ ಎಪ್ಪತ್ತು, ನೂರ ಎಂಬತ್ತನಾಲ್ಕು. ಕೂಡಿಸಿದ: ಐನೂರ ಇಪ್ಪತ್ತೆರಡು. ಮೂರರಿಂದ ಭಾಗಿಸುವಾಗ ಇಪ್ಪತ್ತೆರಡರ ಹತ್ತಿರ ಕೈ ನಿಂತಿತು. ಮೂರರ ಮಗ್ಗಿ ಅಷ್ಟು ಜನರ ಮುಂದೆ ತಲೆಯಿಂದ ಹಾರಿಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ಆತ ಮೂರೊಂದ್ಲ ಮೂರರಿಂದ ತುಟಿಯಲ್ಲೇ ಹೇಳಿಕೊಂಡು ಬಂದ, ಏಳನೇ ಮೆಟ್ಟಿಲಲ್ಲಿ ನಿಂತ, ಬರೆದ. ಇನ್ನು ಉಳಿದದ್ದು ಹನ್ನೆರಡು. ಬೆನ್ನ ಮೇಲೆ ಬೆವರು ಇಳಿಯುವುದು ಅಂಗಿಯ ಮೇಲೂ ಕಾಣುತ್ತಿತ್ತು. ನೂರ ಎಪ್ಪತ್ತನಾಲ್ಕು ಸೆಕೆಂಡು. ಅದರಲ್ಲಿ ಎರಡು ನಿಮಿಷ ಕಳೆದು, ಕೊನೆಯ ಸಾಲು ಬರೆದು, ತಿರುಗಿ ನೋಡಿದ. ಜನರ ಕಡೆ ಅಲ್ಲ, ಹುಡುಗಿಯ ಕಡೆ. ಸ್ಲೇಟು ಹಿಡಿದು ಮೇಷ್ಟರ ಮೇಜಿನ ಮುಂದೆ ನಿಂತ ಮಗುವಿನ ಹಾಗೆ.

ಕಡ್ಡಿ ಮೇಲಿನಿಂದ ಕೆಳಗಿನ ತನಕ ಒಂದೊಂದು ಸಾಲನ್ನೂ ಓದಿದಳು. ಅವಸರ ಮಾಡಲಿಲ್ಲ.

"ಸರಿ ಇದೆ ಸಾರ್," ಎಂದಳು.

ಲೆಕ್ಕದಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆತನಿಗೆ ಹೇಳಿರಲಿಲ್ಲ. ಶಾಲೆಯಲ್ಲಿ ಸರಿ ಎಂದು ಗುರುತು ಬಿದ್ದದ್ದೆಲ್ಲ ಅಕ್ಕನ ಲೆಕ್ಕಕ್ಕೆ. ಸೀಟಿ ಸಾರ್ ಮಾರ್ಕರಿನ ಮುಚ್ಚಳ ಹಾಕುವುದನ್ನೂ ಮರೆತು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡ. ಹುಡುಗಿ ಮಾರ್ಕರನ್ನು ಆತನ ಕೈಯಿಂದ ತೆಗೆದುಕೊಂಡು, ಮುಚ್ಚಳ ಒತ್ತಿ, ಬೋರ್ಡಿನ ಕೆಳಗಿಟ್ಟು, ನೀರಿಗೆ ಹೊರಟಳು.